ಮಾರ್ಚ್ ತಿಂಗಳ ಕರಾವಳಿ: ಉಳ್ಳಾಲದಿಂದ ಅಘನಾಶಿನಿಗೆ

ಕಡಲ್ಕೊರೆತದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಜೂನ್‌ನಲ್ಲಿ ಬರುತ್ತದೆ, ಆಗಸ್ಟ್ ಹೊತ್ತಿಗೆ ಮುಗಿಯುತ್ತದೆ. ಅಲೆ ಮನೆಯ ಗೋಡೆಗೆ ಬಡಿಯುವ ಚಿತ್ರ, ಸ್ಥಳಕ್ಕೆ ಭೇಟಿ ಕೊಟ್ಟ ಸಚಿವರ ಚಿತ್ರ, ಕಲ್ಲು ಇಳಿಸುತ್ತಿರುವ ಟಿಪ್ಪರಿನ ಚಿತ್ರ. ಕಡಲು ಶಾಂತವಾದ ಮೇಲೆ ಆ ಮನೆಯವರು ಹೇಗೆ ಬದುಕುತ್ತಾರೆ ಎಂಬುದು ಸುದ್ದಿಯಾಗುವುದಿಲ್ಲ. ಅದನ್ನು ನೋಡಬೇಕೆಂದೇ ಮಾರ್ಚ್ ಮೊದಲ ವಾರ ಹೊರಟೆ. ನಾನು ಶಿರಸಿಯವಳು. ನಮ್ಮೂರಿನ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಕುಮಟಾದ ಬಳಿ ಕಡಲು ಸೇರುತ್ತದೆ. ಹಾಗಾಗಿ ದಕ್ಷಿಣದಿಂದ ಶುರು ಮಾಡಿ ಕೊನೆಗೆ ನಮ್ಮ ಹೊಳೆಯ ಅಳಿವೆಗೆ ಬರುವುದೆಂದು ನಿಶ್ಚಯಿಸಿದ್ದೆ.

ಸೋಮವಾರ, ಉಳ್ಳಾಲ

ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಬಸ್ ಹತ್ತಿ ನೇತ್ರಾವತಿ ಸೇತುವೆ ದಾಟಿದರೆ ಉಳ್ಳಾಲ ದೂರವಲ್ಲ. ಬೆಳಗಿನ ಹತ್ತು ಗಂಟೆಗೇ ಬೆವರು ಇಳಿಯುತ್ತಿತ್ತು. ಮೊಗವೀರಪಟ್ಣದ ಕಡೆ ನಡೆದರೆ ಸಮುದ್ರಕ್ಕಿಂತ ಮೊದಲು ಕಾಣುವುದು ಕಪ್ಪು ಬಂಡೆಗಳ ರಾಶಿ. ಅದರ ಮೇಲೆ ಹತ್ತಿ ನಿಂತರಷ್ಟೇ ನೀರು ಕಾಣುತ್ತದೆ.

ಇಲ್ಲಿನ ಕಡಲ್ಕೊರೆತಕ್ಕೆ ಹವಾಮಾನವೊಂದೇ ಕಾರಣವೆಂದು ಹೇಳಿದರೆ ತಪ್ಪಾಗುತ್ತದೆ. ನೇತ್ರಾವತಿ, ಗುರುಪುರ ಹೊಳೆಗಳು ಕೂಡಿ ಸಮುದ್ರ ಸೇರುವ ಅಳಿವೆಬಾಗಿಲಿನಲ್ಲಿ 1990ರ ದಶಕದಲ್ಲಿ ದೋಣಿಗಳ ಅನುಕೂಲಕ್ಕೆ ಬ್ರೇಕ್‌ವಾಟರ್, ಅಂದರೆ ಅಲೆ ತಡೆಯುವ ಕಲ್ಲಿನ ಗೋಡೆ, ಕಟ್ಟಿದರು. ದಡದುದ್ದಕ್ಕೂ ಸರಿಯುತ್ತಿದ್ದ ಮರಳಿನ ದಾರಿಗೆ ಅದು ಅಡ್ಡ ನಿಂತಿತು, ದಕ್ಷಿಣಕ್ಕಿರುವ ಉಳ್ಳಾಲದ ದಡ ಕರಗತೊಡಗಿತು. ಮುಂದೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು ಕಡಲೊಳಗೆ ರೀಫ್ ಎನ್ನುವ ಕೃತಕ ದಿಬ್ಬಗಳನ್ನೂ ದಡದ ಬಳಿ ಬರ್ಮ್ ಎನ್ನುವ ಕಲ್ಲಿನ ಒಡ್ಡುಗಳನ್ನೂ ಹಾಕಿದರು. ಅವುಗಳ ನೆರಳಿನಲ್ಲಿ ಕೆಲವು ಕಡೆ ಮರಳು ನಿಂತಿದೆ. ಆದರೆ ಕೊರೆತ ನಿಂತಿಲ್ಲ, ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಗಳ ಕಡೆ ಸರಿದಿದೆ. ಹೀಗೆ ಮೊದಲೇ ಬಡವಾದ ದಡಕ್ಕೆ ಈಗ ಬಿಸಿಯಾದ ಕಡಲಿನ ಹೊಡೆತ ಬೀಳುತ್ತಿದೆ. 1982ರಿಂದ 2000ದವರೆಗಿನ ಅವಧಿಗೆ ಹೋಲಿಸಿದರೆ 2001ರಿಂದ 2019ರ ನಡುವೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳ ಸಂಖ್ಯೆ ಶೇ 52ರಷ್ಟು ಏರಿದೆ ಎಂದು ಪುಣೆಯ ಹವಾಮಾನ ವಿಜ್ಞಾನಿಗಳು 2021ರಲ್ಲಿ ಲೆಕ್ಕ ಕೊಟ್ಟರು. ಅದೇ ವರ್ಷ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ದಡದ ಪಕ್ಕದಲ್ಲೇ ಹಾದು ಗುಜರಾತಿಗೆ ಹೋಯಿತು. ಇಲ್ಲಿಗೆ ಅಪ್ಪಳಿಸದೆ ಬರಿಯ ಹಾದುಹೋದದ್ದಕ್ಕೇ ಇಲ್ಲಿ ಮನೆಗಳು, ರಸ್ತೆ, ತೆಂಗಿನ ಸಾಲು ಹೋದವು.

ಮಧ್ಯಾಹ್ನ ತಲಪಾಡಿ ಬಸ್ ಹಿಡಿದು ಉಚ್ಚಿಲದಲ್ಲಿ ಇಳಿದೆ. ಬಟ್ಟಪ್ಪಾಡಿಯ ಕಡೆ ನಡೆಯುತ್ತ ಹೋದಾಗ ದಡದಲ್ಲಿ ಕಂಡದ್ದನ್ನು ಮೊದಲು ಏನೆಂದು ಗುರುತಿಸಲಾಗಲಿಲ್ಲ. ಆಳೆತ್ತರದ ಸಿಮೆಂಟಿನ ಕೊಳವೆ, ಮರಳಿನಲ್ಲಿ ಕಾರ್ಖಾನೆಯ ಚಿಮಣಿಯಂತೆ ನಿಂತಿತ್ತು. ಹತ್ತಿರ ಹೋದರೆ ಅದೊಂದು ಬಾವಿ. ಸುತ್ತಲಿನ ನೆಲವನ್ನು ಕಡಲು ಒಯ್ದಿದೆ, ಒಳಗಿನ ರಿಂಗುಗಳು ಮಾತ್ರ ಒಂದರ ಮೇಲೊಂದು ಉಳಿದಿವೆ. ಮೇಲಿನ ರಿಂಗಿನ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ನುಣುಪಾದ ಗೀರುಗಳು ಹಾಗೆಯೇ ಇದ್ದವು. ಎಷ್ಟು ವರ್ಷ, ಎಷ್ಟು ಕೊಡ ನೀರು ಸೇದಿದ ಗುರುತು ಅದು!

ಆ ಬಾವಿಯ ಮನೆಯವರು ಈಗ ರಸ್ತೆಯ ಆಚೆ ಬಾಡಿಗೆಗೆ ಇದ್ದಾರೆ. ಮನೆಯೊಡತಿ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಕೈ ನಿಲ್ಲಿಸದೆಯೇ ಮಾತಾಡಿದರು.

“ಮನೆ ಬಿದ್ದದ್ದು ಒಂದೇ ದಿನ ಅಕ್ಕ. ಅದಕ್ಕೆ ಎಷ್ಟೋ ವರ್ಷ ಮೊದಲೇ ಬಾವಿಯ ನೀರು ಉಪ್ಪಾಗಿತ್ತು. ಅನ್ನ ಬೇಯಿಸಲಿಕ್ಕೆ ನೀರು ಹೊತ್ತು ತಂದದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಗೋಡೆ ಬಿದ್ದ ಮೇಲೆ ಎಲ್ಲರೂ ಬಂದು ಬರೆದುಕೊಂಡರು.”

ಮಳೆಗಾಲದಲ್ಲಿ ಗಾಳಿ ತಂದ ಉಪ್ಪಿನ ತೇವಕ್ಕೆ ಬೀಡಿ ಎಲೆ ಹಾಳಾಗುತ್ತದಂತೆ, ಹಾಳಾದ ಎಲೆಯ ಹಣವನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತಾರಂತೆ. ಜಾಗದ ಹಕ್ಕುಪತ್ರ ಇಲ್ಲದ್ದರಿಂದ ಮನೆಗೆ ಸಿಗಬೇಕಾದ ಪರಿಹಾರವೂ ಪೂರ್ತಿ ಕೈಗೆ ಬಂದಿಲ್ಲ. ಅಜ್ಜನ ಕಾಲದಿಂದ ಇದ್ದ ಜಾಗಕ್ಕೆ ಕಾಗದ ಬೇಕೆಂದು ಅವರಿಗೆ ಗೊತ್ತಾದದ್ದು ಜಾಗ ನೀರು ಪಾಲಾದ ಮೇಲೆ.

“ಯಾರೂ ಬರೆದುಕೊಳ್ಳಲಿಲ್ಲ” ಎಂಬ ಅವರ ಮಾತು ಮುಂದಿನ ಊರುಗಳಲ್ಲೂ ನನ್ನ ಬೆನ್ನು ಬಿಡಲಿಲ್ಲ.

ಮಂಗಳವಾರ, ಮರವಂತೆ

ಬೆಳಗ್ಗೆ ಮಲ್ಪೆಯ ಹತ್ತಿರದ ಪಡುಕೆರೆಯಲ್ಲಿ ಸ್ವಲ್ಪ ಹೊತ್ತು ಇಳಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ನೆಲದ ಸಣ್ಣದೊಂದು ಪಟ್ಟಿ, ಅದರ ಮೇಲೆ ಮನೆಗಳು. ಬಿಸಿಲಿಗೆ ಹೆಚ್ಚು ಸುತ್ತಲಾಗದೆ ಕುಂದಾಪುರದ ಬಸ್ ಹತ್ತಿದೆ.

ಮರವಂತೆಯನ್ನು ಬಸ್ಸಿನ ಕಿಟಕಿಯಿಂದ ನೋಡದವರು ಕರಾವಳಿಯಲ್ಲಿ ಓಡಾಡಿದವರೇ ಅಲ್ಲ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಹೆದ್ದಾರಿ ಉಳಿಯಲೆಂದು ಕಡಲ ಬದಿಗೆ ಉದ್ದಕ್ಕೂ ಕಲ್ಲು ಹೇರಿದ್ದಾರೆ. ಹೆದ್ದಾರಿ ಉಳಿಯಬೇಕು ನಿಜ. ಆದರೆ ಮರವಂತೆಯ ನಾಡದೋಣಿ ಮೀನುಗಾರರ ಜೊತೆ ಕುಳಿತ ಮೇಲೆ ಆ ಕಲ್ಲಿನ ಸಾಲನ್ನು ನಾನು ನೋಡುವ ರೀತಿ ಬದಲಾಯಿತು.

ಹೊರಬಂದರಿನ ಪಕ್ಕ ಬಲೆ ಸರಿ ಮಾಡುತ್ತಿದ್ದ ಹಿರಿಯರೊಬ್ಬರು ವಿವರಿಸಿದರು: ಮಳೆಗಾಲದ ಅಲೆ ದಡದ ಮರಳನ್ನು ಒಳಕ್ಕೆ ಎಳೆದೊಯ್ಯುತ್ತದೆ, ಮಳೆ ಕಳೆದ ಮೇಲಿನ ಸಣ್ಣ ಅಲೆ ಅದನ್ನು ಹಿಂದಕ್ಕೆ ತಂದು ಹಾಕುತ್ತದೆ. ಇದು ಅವರ ಅಜ್ಜ ಮುತ್ತಜ್ಜರು ಕಂಡ ವರ್ಷದ ನಿಯಮ. ಕಲ್ಲಿನ ಗೋಡೆಗೆ ಬಡಿದ ಅಲೆ ವಾಪಸು ಹೋಗುವಾಗ ಬುಡದ ಮರಳನ್ನೂ ಕೆದಕಿ ಒಯ್ಯುತ್ತದೆ. ಹಾಗಾಗಿ ಮರಳು ಮರಳಿ ನಿಲ್ಲುವುದು ಕಷ್ಟ. ಮರಳಿಲ್ಲದಿದ್ದರೆ ದೋಣಿ ಎಳೆದು ನಿಲ್ಲಿಸಲು ಜಾಗವಿಲ್ಲ, ಕೈರಂಪಣಿ ಬಲೆ ಎಳೆಯಲು ಜಾಗವಿಲ್ಲ, ಮೀನು ಒಣಗಿಸಲು ಜಾಗವಿಲ್ಲ.

“ಗೋಡೆ ಕಟ್ಟಬೇಡಿ ಎಂದು ನಾವು ಹೇಳುವುದಿಲ್ಲ ಮಾರಾಯರೇ, ಮನೆ ಹೋಗುವಾಗ ಕಲ್ಲು ಹಾಕಿ ಎಂದು ಕೂಗಿದವರು ನಾವೇ. ಆದರೆ ಕಲ್ಲು ಎಲ್ಲಿ ಹಾಕುವುದು, ಎಷ್ಟು ಬಿಡುವುದು ಎಂದು ನಮ್ಮನ್ನು ಒಂದು ಮಾತು ಕೇಳಬಹುದಿತ್ತಲ್ಲ?”

ಕೇಳಬೇಕಿತ್ತು. ಈ ದಡದ ಅಲೆಯನ್ನು ಅವರಷ್ಟು ದಿನ ನೋಡಿದ ಎಂಜಿನಿಯರ್ ಯಾರಿದ್ದಾರೆ?

ಮಾತು ಬೂತಾಯಿಯತ್ತ ತಿರುಗಿತು. ಕುಂದಾಪುರದ ಕಡೆ ಅದನ್ನು ಬೈಗೆ ಎನ್ನುತ್ತಾರೆ, ಉತ್ತರ ಕನ್ನಡದಲ್ಲಿ ತಾರ್ಲೆ. ಬಡವರ ಮೀನು, ನಾಡದೋಣಿಯವರ ಜೀವಾಳ. ಕಡಲಿನ ಬಿಸಿ, ಮಳೆಗಾಲದಲ್ಲಿ ತಳದ ತಂಪು ನೀರು ಮೇಲೇಳುವ ಹೊತ್ತು, ಇವೆರಡರಲ್ಲಿ ಸ್ವಲ್ಪ ಏರುಪೇರಾದರೂ ಅದು ದಿಕ್ಕು ಬದಲಿಸುತ್ತದೆ. ಪಕ್ಕದ ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಸಮೀಪಕ್ಕೆ ಹೋಗಿದ್ದ ಬೂತಾಯಿ 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿದದ್ದನ್ನು ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ದಾಖಲಿಸಿದೆ. ಆಮೇಲೆ ಮೀನು ಮರಳಿ ಬಂದಿದೆಯಾದರೂ ಯಾವ ವರ್ಷ ಬರುತ್ತದೆ, ಯಾವ ವರ್ಷ ಕೈಕೊಡುತ್ತದೆ ಎಂದು ಹೇಳಲಾಗದು ಎಂದರು ಬಲೆ ಹಿಡಿದವರು. ಸಾಲ ಮಾಡಿ ಎಂಜಿನ್ ತಂದವರಿಗೆ, ಸೀಮೆಎಣ್ಣೆಗೆ ಮೊದಲೇ ದುಡ್ಡು ಹಾಕಿದವರಿಗೆ ಈ ಅನಿಶ್ಚಿತತೆಯೇ ದೊಡ್ಡ ಪೆಟ್ಟು.

ಜೊತೆಗೆ ಗಾಳಿಯ ಎಚ್ಚರಿಕೆ ಬಂದ ದಿನ ದೋಣಿ ಇಳಿಸುವಂತಿಲ್ಲ. 2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಸತ್ತ ಮೇಲೆ ಎಚ್ಚರಿಕೆಗಳು ಬಿಗಿಯಾದವು, ಅದು ಸರಿಯೇ. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್, ಮಹಾ ಎಂಬ ಎರಡು ಚಂಡಮಾರುತಗಳು ಅರಬ್ಬಿ ಸಮುದ್ರದಲ್ಲಿ ಒಂದೇ ಹೊತ್ತಿಗೆ ಎದ್ದಿದ್ದವು. ಒಳ್ಳೆಯ ಮೀನಿನ ಕಾಲ ಅದು. ದೋಣಿಗಳು ದಡದಲ್ಲೇ ಕುಳಿತವು. ಜೀವ ಉಳಿಯಿತು, ಸಂಬಳ ಇಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್, ಜುಲೈ ಎರಡು ತಿಂಗಳ ನಿಷೇಧವಿದೆ, ಆ ಕಾಲಕ್ಕೆಂದು ಮೀನುಗಾರರ ಉಳಿತಾಯ-ಪರಿಹಾರ ಯೋಜನೆಯೂ ಇದೆ. ಗಾಳಿ ಕದ್ದ ದಿನಗಳಿಗೆ ಯಾವ ಯೋಜನೆಯೂ ಇಲ್ಲ.

ಬುಧವಾರ, ಉಳುವರೆ

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ನಾಡಿಗೆಲ್ಲ ಗೊತ್ತು. ಹೆದ್ದಾರಿ ಬದಿಯ ಚಹಾ ಅಂಗಡಿಯೂ ಲಾರಿಗಳೂ ಮಣ್ಣಿನಡಿ ಹೋದವು. ಅದೇ ಮಣ್ಣು ಗಂಗಾವಳಿ ಹೊಳೆಗೆ ಬಿದ್ದ ರಭಸಕ್ಕೆ ನೀರು ಎದ್ದು ಎದುರು ದಡದ ಉಳುವರೆಯ ಮನೆಗಳಿಗೆ ನುಗ್ಗಿತು, ಅಲ್ಲೂ ಜೀವ ಹೋಯಿತು. ಆ ಊರನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲವೆಂದೇ ಅಲ್ಲಿಗೆ ಹೋದೆ.

ಹೊಳೆಯ ದಡದಲ್ಲಿ ನಿಂತರೆ ಎದುರಿಗೆ ಗುಡ್ಡದ ಕೆಂಪು ಗಾಯ ಕಾಣುತ್ತದೆ. ರಸ್ತೆಗೆಂದು ಗುಡ್ಡದ ಬುಡ ಕಡಿದದ್ದು ಒಂದು, ಕೆಲವೇ ದಿನಗಳಲ್ಲಿ ಸುರಿದ ವಿಪರೀತ ಮಳೆ ಇನ್ನೊಂದು. ಬಿಸಿಯಾದ ಗಾಳಿ ಹೆಚ್ಚು ನೀರಾವಿ ಹೊರುತ್ತದೆ, ಇಳಿಸುವಾಗ ಒಮ್ಮೆಗೇ ಇಳಿಸುತ್ತದೆ. ಕರಾವಳಿಯವರು ಕಡಲಿಗೆ ಮಾತ್ರ ಹೆದರಿದರೆ ಸಾಲದು, ಬೆನ್ನ ಹಿಂದಿನ ಘಟ್ಟಕ್ಕೂ ಹೆದರಬೇಕಾದ ಕಾಲ ಬಂದಿದೆ. ಅಲ್ಲಿನವರೊಬ್ಬರು ಕುಡಿಯಲು ಮಜ್ಜಿಗೆ ಕೊಟ್ಟರು. ಆ ದಿನದ ಬಗ್ಗೆ ಅವರಾಗಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಂಜೆಯ ಬಸ್ಸಿಗೆ ಕುಮಟಾಕ್ಕೆ ಬಂದೆ.

ಗುರುವಾರ, ಸಾಣಿಕಟ್ಟಾ ಮತ್ತು ಮಾಣಿಕಟ್ಟಾ

ಗೋಕರ್ಣಕ್ಕೆ ಹೋಗುವ ಸಾವಿರಾರು ಜನ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ದಾಟಿಯೇ ಹೋಗುತ್ತಾರೆ. ಬೆಳಗಿನ ಬಿಸಿಲಿಗೆ ಅವು ಕನ್ನಡಿಯ ತುಂಡುಗಳಂತೆ ಹೊಳೆಯುತ್ತವೆ ಎಂದು ಬರೆಯಬಹುದು. ಅಲ್ಲಿ ಕೆಲಸ ಮಾಡುವವರಿಗೆ ಮಾತ್ರ ಆ ಹೊಳಪು ಕಣ್ಣುರಿ. ಉಬ್ಬರದಲ್ಲಿ ಬಂದ ಉಪ್ಪುನೀರನ್ನು ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸುತ್ತ, ಬಿಸಿಲಿಗೆ ಗಟ್ಟಿ ಮಾಡುತ್ತ, ಕೊನೆಯ ಮಡಿಯಲ್ಲಿ ಹರಳುಗಟ್ಟಿದ್ದನ್ನು ಉದ್ದ ಹಿಡಿಯ ಹಲಗೆಯಿಂದ ಎಳೆದು ಗುಡ್ಡೆ ಹಾಕುತ್ತಾರೆ. ಆಗೇರ ಸಮುದಾಯದವರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ ಇದು.

ಇಡೀ ಉದ್ಯೋಗ ನಿಂತಿರುವುದು ವರ್ಷದ ಕೆಲವು ಒಣ ತಿಂಗಳುಗಳ ಮೇಲೆ. ಏಪ್ರಿಲ್, ಮೇ ಬಿಸಿಲು ಉಪ್ಪಿಗೆ ಹಬ್ಬ. ಆ ಹೊತ್ತಿಗೆ ಒಂದು ಅಡ್ಡಮಳೆ ಬಿದ್ದರೆ ಮಡಿಯ ನೀರೆಲ್ಲ ಸಪ್ಪೆಯಾಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ರೈತರಿಗೆ ಬೇಗ ಬಂದ ಮಳೆ ಸಂತೋಷದ ಸುದ್ದಿ. ಉಪ್ಪಿನವರಿಗೆ ಅದು ಕೂಲಿಯಿಲ್ಲದ ದಿನಗಳು. ಹಲಗೆ ಎಳೆಯುತ್ತಿದ್ದ ಹೆಂಗಸೊಬ್ಬರನ್ನು ಆ ಬಗ್ಗೆ ಕೇಳಿದೆ. “ತಂಗಿ, ಮಳೆಗೆ ನಾವು ಬೈಯುವ ಹಾಗಿಲ್ಲ, ಬಾವಿಗೆ ನೀರು ಬೇಕಲ್ಲ” ಎಂದು ಮತ್ತೆ ಬಾಗಿದರು. ಅವರ ಹಿಮ್ಮಡಿ ತುಂಬ ಉಪ್ಪು ಕಚ್ಚಿದ ಬಿರುಕುಗಳಿದ್ದವು, ಒಂದಕ್ಕೆ ಅರಿಶಿನ ಮೆತ್ತಿಕೊಂಡಿದ್ದರು.

ಮಧ್ಯಾಹ್ನ ಮಾಣಿಕಟ್ಟಾದ ಗಜನಿಗೆ ಹೋದೆ. ಕಡಲ ಉಬ್ಬರ ಬಂದು ಹೋಗುವ ತಗ್ಗಿನ ಗದ್ದೆಗೆ ಇಲ್ಲಿ ಗಜನಿ ಎನ್ನುತ್ತಾರೆ. ಕಗ್ಗ ಭತ್ತ ಬೆಳೆಯುವುದು ಈ ಗಜನಿಯಲ್ಲಿ. ಉಪ್ಪನ್ನು ತಡೆಯುತ್ತದೆ, ನೆರೆ ನಿಂತರೂ ಕೊಳೆಯದೆ ಆಳೆತ್ತರಕ್ಕೆ ಏಳುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಿನಲ್ಲಿ ನೀರಿನ ಮೇಲಿರುವ ತೆನೆಯನ್ನಷ್ಟೇ ಕೊಯ್ಯುತ್ತಾರೆ. ಕೊಳೆಯುವ ಹುಲ್ಲು ಮೀನು, ಸಿಗಡಿಗೆ ಆಹಾರ. ಕೊಯ್ಲಾದ ಮೇಲೆ ಗಜನಿಯಲ್ಲಿ ಮೀನು. ರೈತರೊಬ್ಬರ ಮನೆಯಲ್ಲಿ ಬೀಜದ ಭತ್ತವನ್ನು ಅಂಗೈಗೆ ಹಾಕಿಕೊಟ್ಟರು. ಕಾಳಿನ ತುದಿಯಲ್ಲಿ ಗಡುಸಾದ ಮೀಸೆ, ಸಿಪ್ಪೆ ತೆಗೆದರೆ ಕೆಂಪಕ್ಕಿ. ಮುಂದಿನ ಕರಾವಳಿಗೆ ಬೇಕಾದ ಭತ್ತ ಇದೇ ಎಂದು ನನಗೆ ಅನಿಸಿತು. ಆದರೆ ಇದನ್ನು ಬಿತ್ತುವವರ ಸಂಖ್ಯೆ ಕುಗ್ಗುತ್ತಲೇ ಇದೆ.

ಕಾರಣ ಕೇಳಿದರೆ ಎಲ್ಲರೂ ತೋರಿಸುವುದು ಒಡ್ಡನ್ನು. ಊರವರೇ ಸೇರಿ ಮಣ್ಣಿನ ಒಡ್ಡು ಕಟ್ಟಿ, ಜಂತ್ರಡಿ ಎನ್ನುವ ಹಲಗೆಯ ತೂಬನ್ನು ಏರಿಸಿ ಇಳಿಸಿ ಉಪ್ಪುನೀರಿನ ಲೆಕ್ಕ ಇಡುತ್ತಿದ್ದ ಕಾಲ ಹೋಯಿತು. 1970ರ ದಶಕದಲ್ಲಿ ಸರ್ಕಾರದ ಕಲ್ಲಿನ ಒಡ್ಡುಗಳು ಬಂದವು, ಹಿಂದೆಯೇ ಸಿಗಡಿ ಕೃಷಿಯ ಹಣ ಬಂತು, ಬಹಳಷ್ಟು ಗಜನಿಗಳು ಭತ್ತ ಬಿಟ್ಟವು, ಸಿಗಡಿಗೆ ರೋಗ ಬಂದಾಗ ಎರಡೂ ಕೈತಪ್ಪಿದವು. ಹಳೆಯ ಒಡ್ಡು ಈಗ ಅಲ್ಲಲ್ಲಿ ಕುಸಿದಿದೆ. 1901ರಿಂದ 2018ರ ನಡುವೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ ಎನ್ನುತ್ತದೆ ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ವರದಿ. ಸುಮಾರು ಒಂದು ಗೇಣು. ಪುಸ್ತಕದಲ್ಲಿ ಓದುವಾಗ ಇಷ್ಟೇನಾ ಅನಿಸುತ್ತದೆ. ಮಾಣಿಕಟ್ಟಾದ ಒಡ್ಡಿನ ಮೇಲೆ ಕುಕ್ಕರಗಾಲಲ್ಲಿ ಕೂತು ಉಬ್ಬರದ ನೀರು ಎಲ್ಲಿಯವರೆಗೆ ಏರಿದೆಯೆಂದು ಕೈಯಿಟ್ಟು ನೋಡಿದೆ. ಒಡ್ಡಿನ ನೆತ್ತಿಗೂ ನೀರಿನ ಗುರುತಿಗೂ ನಡುವೆ ಒಂದು ಕಡೆ ಗೇಣೂ ಇರಲಿಲ್ಲ.

ನೀರು ಒಮ್ಮೆ ಹತ್ತಿ ಇಳಿದರೆ ಕಗ್ಗ ಸಹಿಸುತ್ತದೆ. ಮೊಳಕೆಯ ಹೊತ್ತಿಗೆ ನುಗ್ಗಿ ಅಲ್ಲೇ ನಿಂತರೆ ಕಗ್ಗವೂ ಸಾಯುತ್ತದೆ. “ಬೀಜ ತೀರಿದರೆ ಮತ್ತೆ ಎಲ್ಲಿಂದ ತರುವುದು? ಪೇಟೆಯಲ್ಲಿ ಸಿಗುವುದಿಲ್ಲ” ಎಂದರು ಬೀಜ ತೋರಿಸಿದವರು. ಒಂದು ವರ್ಷದ ಬೆಳೆ ಹೋದರೆ ಮುಂದಿನ ವರ್ಷದ್ದಕ್ಕೂ ದಾರಿ ಮುಚ್ಚುವುದು ಹೀಗೆ.

ಶುಕ್ರವಾರ, ಅಘನಾಶಿನಿ

ಅಮಾವಾಸ್ಯೆ ಹತ್ತಿರವಿತ್ತು, ಬೆಳಗಿನ ಇಳಿತ ದೊಡ್ಡದು. ಆರು ಗಂಟೆಗೆ ಅಳಿವೆಯ ಮಧ್ಯದಲ್ಲಿ ಮರಳ ದಿಬ್ಬಗಳು ಎದ್ದಿದ್ದವು, ಹೆಂಗಸರು ಆಗಲೇ ಮೊಣಕಾಲು ನೀರಿನಲ್ಲಿದ್ದರು. ಬಳಚು ಎಂಬ ಚಿಪ್ಪುಮೀನು ಆರಿಸುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಕಣ್ಣಿಗೆ ಕೆಲಸವೇ ಇಲ್ಲ, ಎಲ್ಲ ಪಾದದಲ್ಲಿ. ಹೆಬ್ಬೆರಳಿನಿಂದ ಮರಳು ಕೆದಕುತ್ತ ನಡೆಯುತ್ತಾರೆ, ಚಿಪ್ಪು ತಗುಲಿದ ಕ್ಷಣ ಬಾಗಿ ಎತ್ತಿ ಬುಟ್ಟಿಗೆ ಹಾಕುತ್ತಾರೆ. ಬುಟ್ಟಿಗೆ ಹಗ್ಗ ಕಟ್ಟಿ ಸೊಂಟಕ್ಕೆ ಬಿಗಿದಿರುತ್ತಾರೆ, ಅದು ಹಿಂದೆ ತೇಲುತ್ತ ಬರುತ್ತದೆ. ಸ್ವಲ್ಪ ದೂರದಲ್ಲಿ ಗಂಡಸರು ಪಾತಿ ದೋಣಿಯಿಂದ ಮುಳುಗಿ ಏಳುತ್ತಿದ್ದರು.

ಅಣೆಕಟ್ಟಿಲ್ಲದೆ ಹರಿಯುವ ಹೊಳೆ ನಮ್ಮ ಅಘನಾಶಿನಿ. ಅದರ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎಂದು ಘೋಷಣೆಯಾಯಿತು. ಮೀನು, ಚಿಪ್ಪು, ಏಡಿ, ಗಜನಿ, ಉಪ್ಪು ಎಲ್ಲ ಸೇರಿ 6,000ದಿಂದ 7,500 ಕುಟುಂಬಗಳು ಇದರಿಂದ ಬದುಕುತ್ತವೆ ಎಂದು ರಾಮ್ಸಾರ್ ದಾಖಲೆಯೇ ಹೇಳುತ್ತದೆ. ಇದೇ ಅಳಿವೆಯ ದಡದ ತದಡಿಯಲ್ಲಿ ಒಂದು ಕಾಲಕ್ಕೆ ಬೃಹತ್ ಉಷ್ಣ ವಿದ್ಯುತ್ ಸ್ಥಾವರ ತರಲು ಹೊರಟಿದ್ದರು, ಜನ ಬಿಡಲಿಲ್ಲ. ಅಂದು ಬಿಟ್ಟಿದ್ದರೆ ಇಂದು ನೋಡಲು ಈ ಬುಟ್ಟಿಗಳು ಇರುತ್ತಿರಲಿಲ್ಲ.

ಬಳಚಿಗೆ ಬೇಕಾದದ್ದು ಹದವಾದ ಉಪ್ಪು. ಘಟ್ಟದ ಮೇಲೆ ಒಮ್ಮೆಗೇ ಮಳೆ ಸುರಿದು ಸಿಹಿನೀರು ದಿನಗಟ್ಟಲೆ ಅಳಿವೆ ತುಂಬಿದರೆ ಚಿಪ್ಪು ಬಾಯಿ ಬಿಟ್ಟು ಸಾಯುತ್ತದೆ, ಮೇಲಿಂದ ಬಂದ ಕೆಸರು ಮರಿಗಳನ್ನು ಹೂಳುತ್ತದೆ. 2019ರ ಆಗಸ್ಟ್ ನೆರೆಯನ್ನು ಇಲ್ಲಿನವರು ಈಗಲೂ ನೆನೆಯುತ್ತಾರೆ. ನೆರೆಯಲ್ಲಿ ಮನೆಗೆ ನೀರು ನುಗ್ಗಿದವರಿಗೆ ಪರಿಹಾರ ಬರುತ್ತದೆ. ದೋಣಿ, ಬಲೆ ಹೋದರೆ ಬರುತ್ತದೆ. ಬೆಳೆ ಶೇ 33ಕ್ಕಿಂತ ಹೆಚ್ಚು ಹಾಳಾದರೆ ಅದಕ್ಕೂ ಇದೆ. ದೋಣಿಯೂ ಇಲ್ಲದ, ಬಲೆಯೂ ಇಲ್ಲದ, ಗದ್ದೆಯೂ ಇಲ್ಲದ, ಪಾದದಿಂದ ದುಡಿಯುವ ಹೆಂಗಸು ಆ ಪಟ್ಟಿಯ ಯಾವ ಸಾಲಿನಲ್ಲೂ ಇಲ್ಲ. ವಿಪತ್ತು ಪರಿಹಾರ ನಿಧಿಯ ರಾಷ್ಟ್ರೀಯ ಪಟ್ಟಿಯಲ್ಲಿ ಚಂಡಮಾರುತ, ನೆರೆ, ಬರ, ಭೂಕುಸಿತ, ಶೀತಗಾಳಿ ಎಲ್ಲ ಇವೆ, ದಿನವೂ ಒಂದಿಷ್ಟು ನುಂಗುವ ಕಡಲ್ಕೊರೆತ ಇಲ್ಲ. ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆಂದು 15ನೇ ಹಣಕಾಸು ಆಯೋಗ ದೇಶಕ್ಕೆಲ್ಲ ₹1,000 ಕೋಟಿ, ಕೊರೆತ ತಡೆಗೆ ₹1,500 ಕೋಟಿ ಶಿಫಾರಸು ಮಾಡಿತು. ಅದು ನೆಲ ಕಳೆದುಕೊಂಡವರ ಮಾತು. ಉಪ್ಪಾದ ಬಾವಿ, ಸಪ್ಪೆಯಾದ ಆಗರ, ಸತ್ತ ಬಳಚು, ತೀರಿದ ಬೀಜ ಯಾವ ಲೆಕ್ಕಕ್ಕೂ ಬಂದಿಲ್ಲ. ಬಟ್ಟಪ್ಪಾಡಿಯ ಅಕ್ಕ ಹೇಳಿದ್ದು ಇದನ್ನೇ.

ನೀರು ಏರತೊಡಗಿದಾಗ ಹೆಂಗಸರು ದಡಕ್ಕೆ ಬಂದು ಬಳಚನ್ನು ತೊಳೆದು ಪಾಲು ಹಾಕಿದರು. ನಾನು ಈ ಪರಿಹಾರದ ಪಟ್ಟಿಯ ವಿಷಯ ಹೇಳಿದೆ. “ಹಾಗಾದರೆ ಒಂದು ಅರ್ಜಿ ಬರೆದುಕೊಡು ತಂಗಿ” ಎಂದರು ಅವರಲ್ಲಿ ಹಿರಿಯರು. ತೆಂಗಿನಕಟ್ಟೆಯ ಮೇಲೆ ಕೂತು ಬರೆಯತೊಡಗಿದೆ. ಏನು ಕೇಳಬೇಕೆಂದು ಅವರೇ ಹೇಳಿದರು: ಚಿಪ್ಪು ಆರಿಸುವವರ ಹೆಸರುಗಳ ಪಟ್ಟಿ ಪಂಚಾಯಿತಿಯಲ್ಲಿ ಇರಬೇಕು, ಮೀನುಗಾರರಿಗೆ ಇರುವ ಉಳಿತಾಯ-ಪರಿಹಾರ ಯೋಜನೆಗೆ ತಮ್ಮನ್ನೂ ಸೇರಿಸಬೇಕು, ನೆರೆ ಇಳಿದ ಮೇಲೆ ಅಧಿಕಾರಿಗಳು ಮನೆ ನೋಡಿ ಹೋಗದೆ ಇಳಿತದ ಹೊತ್ತಿಗೆ ಅಳಿವೆಗೂ ಇಳಿದು ನೋಡಬೇಕು, ಅಳಿವೆಯಲ್ಲಿ ಮರಳು ತೆಗೆಯುವುದನ್ನು ನಿಲ್ಲಿಸಬೇಕು. ಕೊನೆಯದನ್ನು ಸೇರಿಸಬೇಕೇ ಬೇಡವೇ ಎಂದು ಅವರಲ್ಲೇ ಜೋರು ಚರ್ಚೆಯಾಯಿತು, ಮರಳಿನ ಕೆಲಸಕ್ಕೆ ಹೋಗುವ ಗಂಡಸರು ಅವರ ಮನೆಗಳಲ್ಲೂ ಇದ್ದಾರೆ. ಸೇರಿಸಿ ಎಂದವರೇ ಹೆಚ್ಚಿದ್ದರು, ಸೇರಿಸಿದೆ.

ಯಾರಿಗೆ ಬರೆಯುವುದು ಎಂಬಲ್ಲಿ ಮತ್ತೆ ತಡವಾಯಿತು. ಚಿಪ್ಪು ಮೀನುಗಾರಿಕೆ ಇಲಾಖೆಯದು, ನೆರೆ ಕಂದಾಯದ್ದು, ರಾಮ್ಸಾರ್ ಆದ ಮೇಲೆ ಅಳಿವೆ ಅರಣ್ಯದವರದ್ದು ಎಂದು ಒಬ್ಬರು, ಅಲ್ಲ ಎಂದು ಇನ್ನೊಬ್ಬರು. ಕೊನೆಗೆ ಜಿಲ್ಲಾಧಿಕಾರಿಗಳ ಹೆಸರಿಗೆ ಬರೆದು ಮೂರೂ ಕಡೆಗೆ ಪ್ರತಿ ಎಂದು ಕೆಳಗೆ ಸೇರಿಸಿದೆವು. ಸಹಿ ಬರುವವರು ಸಹಿ ಹಾಕಿದರು, ಉಳಿದವರು ಹೆಬ್ಬೆಟ್ಟು ಒತ್ತಿದರು. ಮುಂದಿನ ಗ್ರಾಮಸಭೆಯಲ್ಲಿ ಓದುತ್ತಾರೆ.